ಒಳ್ಳೆಯ ಪ್ರಶ್ನೆ, ಸಡಿಲ ಲೆಕ್ಕ: ಸಿಎಲ್‌ಎ ಪ್ಲಸ್ ಪರೀಕ್ಷೆಯ ವಿಮರ್ಶೆ

ಪದವಿಯ ಅಂಕಪಟ್ಟಿಯಲ್ಲಿ ವಿದ್ಯಾರ್ಥಿ ಓದಿದ ವಿಷಯಗಳ ಹೆಸರೂ ದರ್ಜೆಯೂ ಇರುತ್ತವೆ. ಆದರೆ ವಿಶ್ವವಿದ್ಯಾಲಯಕ್ಕೆ ಬಂದಾಗ ಇದ್ದುದಕ್ಕಿಂತ ಹೊರಡುವಾಗ ಆ ವಿದ್ಯಾರ್ಥಿ ಎಷ್ಟು ಚೆನ್ನಾಗಿ ಯೋಚಿಸಬಲ್ಲ, ಎಷ್ಟು ಸ್ಪಷ್ಟವಾಗಿ ಬರೆಯಬಲ್ಲ ಎಂಬುದು ಅಲ್ಲಿ ಇರುವುದಿಲ್ಲ. ಪಾಠ ಮಾಡಿದ ಅಧ್ಯಾಪಕರೇ ಪ್ರಶ್ನೆಪತ್ರಿಕೆ ತೆಗೆದು, ತಾವೇ ಮೌಲ್ಯಮಾಪನ ಮಾಡಿ ಕೊಟ್ಟ ಅಂಕಗಳು ಆ ಕೋರ್ಸಿನ ಮಟ್ಟಿಗೆ ಸರಿಯಾಗಿರಬಹುದು. ಆದರೆ ಒಂದು ವಿಭಾಗದ ಅಂಕವನ್ನು ಇನ್ನೊಂದರ ಅಂಕದ ಪಕ್ಕದಲ್ಲಾಗಲಿ, ಒಂದು ವಿಶ್ವವಿದ್ಯಾಲಯದ ಅಂಕವನ್ನು ಮತ್ತೊಂದರ ಅಂಕದ ಪಕ್ಕದಲ್ಲಾಗಲಿ ಇಟ್ಟು ನೋಡಲು ಬರುವುದಿಲ್ಲ. ಈ ಕೊರತೆಯನ್ನು ತುಂಬುವ ಭರವಸೆಯೊಂದಿಗೆ ಅಮೆರಿಕದಲ್ಲಿ ಬಂದ ಪ್ರಮಾಣೀಕೃತ ಪರೀಕ್ಷೆಗಳ ಪೈಕಿ ಹೆಚ್ಚು ಚರ್ಚೆಗೆ ಒಳಗಾದದ್ದು ಕಾಲೇಜಿಯೇಟ್ ಲರ್ನಿಂಗ್ ಅಸೆಸ್‌ಮೆಂಟ್, ಅಂದರೆ ಸಿಎಲ್‌ಎ. 2013ರಲ್ಲಿ ಬಂದ ಅದರ ಹೊಸ ರೂಪಕ್ಕೆ ಸಿಎಲ್‌ಎ ಪ್ಲಸ್ ಎಂದು ಹೆಸರು. ಇದನ್ನು ಕೊಳ್ಳುವ ವಿಶ್ವವಿದ್ಯಾಲಯದ ಕೈಗೆ ನಿಜವಾಗಿ ಏನು ಬರುತ್ತದೆ ಎಂಬುದು ಈ ವಿಮರ್ಶೆಯ ವಿಷಯ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಈ ಪರೀಕ್ಷೆಯ ಪ್ರಶ್ನೆ ಬಹಳ ಒಳ್ಳೆಯದು, ಆ ಪ್ರಶ್ನೆಯ ಉತ್ತರಗಳಿಂದ ಸಂಸ್ಥೆಗೆ ತೆಗೆದುಕೊಡುವ ಒಂದು ಸಂಖ್ಯೆ ಮಾತ್ರ ಅಷ್ಟು ನೆಚ್ಚಿಕೊಳ್ಳುವಂಥದ್ದಲ್ಲ, ದುರದೃಷ್ಟವೆಂದರೆ ಹೆಚ್ಚಿನ ಸಂಸ್ಥೆಗಳು ಇದನ್ನು ಕೊಂಡದ್ದು ಆ ಸಂಖ್ಯೆಗಾಗಿಯೇ.

ಪರೀಕ್ಷೆಯ ಹಿಂದಿರುವುದು ಕೌನ್ಸಿಲ್ ಫಾರ್ ಏಡ್ ಟು ಎಜುಕೇಷನ್ ಎಂಬ, ಲಾಭದ ಉದ್ದೇಶವಿಲ್ಲದ ನ್ಯೂಯಾರ್ಕಿನ ಸಂಸ್ಥೆ. ರೋಜರ್ ಬೆಂಜಮಿನ್, ಸ್ಟೀಫನ್ ಕ್ಲೈನ್, ರಿಚರ್ಡ್ ಶಾವೆಲ್‌ಸನ್ ಮೊದಲಾದವರು ರ್‍ಯಾಂಡ್ ಎಂಬ ಸಂಶೋಧನಾ ಸಂಸ್ಥೆಯ ನೆರವಿನೊಂದಿಗೆ 2000ದ ಆಸುಪಾಸಿನಲ್ಲಿ ಇದರ ಕೆಲಸಕ್ಕೆ ಕೈಹಾಕಿದರು. ಅಮೆರಿಕದ ಶಿಕ್ಷಣ ಕಾರ್ಯದರ್ಶಿಯಾಗಿದ್ದ ಮಾರ್ಗರೆಟ್ ಸ್ಪೆಲ್ಲಿಂಗ್ಸ್ ನೇಮಿಸಿದ್ದ ಆಯೋಗವು 2006ರ ತನ್ನ ವರದಿಯಲ್ಲಿ ಉನ್ನತ ಶಿಕ್ಷಣ ಸಂಸ್ಥೆಗಳು ಕಲಿಕೆಯ ಫಲಿತಾಂಶಗಳನ್ನು ಅಳೆದು ಪ್ರಕಟಿಸಬೇಕೆಂದು ಒತ್ತಾಯಿಸಿ, ಅದಕ್ಕೆ ಉದಾಹರಣೆಯಾಗಿ ಸಿಎಲ್‌ಎಯನ್ನು ಹೆಸರಿಸಿತು. ಮರುವರ್ಷವೇ ಸಾರ್ವಜನಿಕ ವಿಶ್ವವಿದ್ಯಾಲಯಗಳ ಎರಡು ಒಕ್ಕೂಟಗಳು ಸೇರಿ ಸ್ವಯಂಪ್ರೇರಿತ ಹೊಣೆಗಾರಿಕೆಯ ವ್ಯವಸ್ಥೆಯೊಂದನ್ನು ಆರಂಭಿಸಿದವು. ಅದಕ್ಕೆ ಸೇರಿದ ಸಂಸ್ಥೆಗಳು ಸಿಎಲ್‌ಎ, ಪರೀಕ್ಷೆಗಳನ್ನು ರೂಪಿಸುವ ಇಟಿಎಸ್ ಸಂಸ್ಥೆಯ ಪರೀಕ್ಷೆ ಮತ್ತು ಅಂಥದೇ ಎಸಿಟಿ ಸಂಸ್ಥೆಯ ಪರೀಕ್ಷೆ, ಈ ಮೂರರಲ್ಲಿ ಒಂದನ್ನು ಆರಿಸಿಕೊಂಡು ಫಲಿತಾಂಶವನ್ನು ಸಾರ್ವಜನಿಕರ ಮುಂದೆ ಇಡಬೇಕಿತ್ತು. ಪರೀಕ್ಷೆಯ ಗುಣದೋಷಗಳೆರಡಕ್ಕೂ ಈ ಹುಟ್ಟಿನ ಸಂದರ್ಭವೇ ಬಹುಮಟ್ಟಿಗೆ ಕಾರಣ. ಬೋಧನೆಯನ್ನು ತಿದ್ದಲು ಬೇಕಾದ ಸಲಕರಣೆ ಹೊಣೆಗಾರಿಕೆಯ ಪುರಾವೆಯಾಗಿಯೂ ದುಡಿಯಬೇಕಾಗಿ ಬಂತು.

ಪ್ರಶ್ನೆಪತ್ರಿಕೆಯ ಕಡೆಗೆ ಬರೋಣ. ಸಿಎಲ್‌ಎ ಪ್ಲಸ್ ಕಂಪ್ಯೂಟರಿನಲ್ಲಿ ಬರೆಯುವ 90 ನಿಮಿಷಗಳ ಪರೀಕ್ಷೆ. ಅದರಲ್ಲಿ 60 ನಿಮಿಷ ಪರ್ಫಾರ್ಮೆನ್ಸ್ ಟಾಸ್ಕ್ ಎಂಬ ಒಂದೇ ಒಂದು ದೊಡ್ಡ ಪ್ರಶ್ನೆಗೆ ಮೀಸಲು. ವಿದ್ಯಾರ್ಥಿಗೆ ಒಂದು ಸನ್ನಿವೇಶವನ್ನೂ ಅದಕ್ಕೆ ಸಂಬಂಧಿಸಿದ ಹಲವು ದಾಖಲೆಗಳನ್ನೂ ಕೊಟ್ಟು, ಅವುಗಳನ್ನು ಓದಿ ಒಂದು ನಿರ್ಧಾರಕ್ಕೆ ಬಂದು, ಆ ನಿರ್ಧಾರವನ್ನು ಬರವಣಿಗೆಯಲ್ಲಿ ಸಮರ್ಥಿಸುವಂತೆ ಕೇಳಲಾಗುತ್ತದೆ. ಸಂಸ್ಥೆಯೇ ಮಾದರಿಯಾಗಿ ಬಿಡುಗಡೆ ಮಾಡಿದ್ದ, ಮೊದಲ ಸಿಎಲ್‌ಎ ಕಾಲದ ಒಂದು ಟಾಸ್ಕ್ ಹೀಗಿದೆ: ಡೈನಾಟೆಕ್ ಎಂಬ ಕಾಲ್ಪನಿಕ ಕಂಪನಿಯ ಅಧ್ಯಕ್ಷರಿಗೆ ನೀವು ಸಹಾಯಕರು. ಮಾರಾಟ ವಿಭಾಗದ ಸಿಬ್ಬಂದಿಯೊಬ್ಬರು ಸ್ವಿಫ್ಟ್‌ಏರ್ 235 ಎಂಬ ಸಣ್ಣ ವಿಮಾನವನ್ನು ಕೊಳ್ಳಲು ಶಿಫಾರಸು ಮಾಡಿದ್ದಾರೆ. ಅಧ್ಯಕ್ಷರು ಇನ್ನೇನು ಒಪ್ಪಿಗೆ ಕೊಡಬೇಕು ಎನ್ನುವಷ್ಟರಲ್ಲಿ ಅದೇ ಮಾದರಿಯ ವಿಮಾನವೊಂದು ಅಪಘಾತಕ್ಕೀಡಾಗುತ್ತದೆ. ನಿಮ್ಮ ಮುಂದೆ ಅಪಘಾತದ ಪತ್ರಿಕಾ ವರದಿ, ಒಂದೇ ಎಂಜಿನ್ನಿನ ವಿಮಾನಗಳು ಹಾರಾಟದಲ್ಲೇ ಮುರಿದುಬಿದ್ದ ಪ್ರಕರಣಗಳ ಬಗ್ಗೆ ಸರ್ಕಾರಿ ವರದಿ, ಕಚೇರಿಯೊಳಗಿನ ಇಮೇಲ್‌ಗಳು, ವಿಮಾನದ ಸಾಮರ್ಥ್ಯದ ಚಾರ್ಟ್‌ಗಳು, ಹವ್ಯಾಸಿ ಪೈಲಟ್‌ಗಳ ಪತ್ರಿಕೆಯ ಲೇಖನ, 180 ಮತ್ತು 235 ಎಂಬ ಎರಡು ಮಾದರಿಗಳ ಚಿತ್ರ ಮತ್ತು ವಿವರಣೆ, ಇಷ್ಟು ದಾಖಲೆಗಳಿವೆ. ಆ ವಿಮಾನದ ರೆಕ್ಕೆಯ ವಿನ್ಯಾಸದಿಂದಲೇ ಅದು ಹೆಚ್ಚಾಗಿ ಮುರಿದುಬೀಳುತ್ತದೆ ಎಂಬ ಮಾತಿಗೆ ಈ ದಾಖಲೆಗಳಲ್ಲಿ ಆಧಾರವಿದೆಯೇ, ವಿಮಾನವನ್ನು ಕೊಳ್ಳಬೇಕೇ ಬೇಡವೇ ಎಂಬುದನ್ನು ನೀವು ಬರೆಯಬೇಕು.

ಈ ಪ್ರಶ್ನೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಇಲ್ಲಿ ಕಂಠಪಾಠಕ್ಕೆ ಎಡೆಯಿಲ್ಲ, ಏಕೆಂದರೆ ಬೇಕಾದ ಮಾಹಿತಿಯೆಲ್ಲ ಕಣ್ಣ ಮುಂದೆಯೇ ಇದೆ. ಊಹೆಗೂ ಎಡೆಯಿಲ್ಲ, ಏಕೆಂದರೆ ಟಿಕ್ ಹಾಕಲು ನಾಲ್ಕು ಆಯ್ಕೆಗಳಿಲ್ಲ. ಪತ್ರಿಕೆಯ ವರದಿಗೆ ಎಷ್ಟು ತೂಕ, ಸರ್ಕಾರಿ ವರದಿಗೆ ಎಷ್ಟು ತೂಕ, ಮಾರಾಟ ವಿಭಾಗದವರ ಉತ್ಸಾಹದ ಹಿಂದೆ ಯಾವ ಆಸಕ್ತಿ ಇರಬಹುದು, ಒಂದು ಅಪಘಾತದಿಂದ ಇಡೀ ಮಾದರಿಯ ಬಗ್ಗೆ ಏನನ್ನು ಹೇಳಬಹುದು ಎಂಬುದನ್ನು ವಿದ್ಯಾರ್ಥಿಯೇ ತೂಗಿ ನೋಡಬೇಕು. ಒಂದು ಬಗೆಯ ರೆಕ್ಕೆಯ ವಿಮಾನಗಳು ಹೆಚ್ಚು ಸಲ ಮುರಿದುಬಿದ್ದಿವೆ ಎಂದು ಕಂಡರೂ, ಆ ಬಗೆಯ ವಿಮಾನಗಳು ಒಟ್ಟು ಎಷ್ಟು ಹಾರಾಡುತ್ತಿವೆ ಎಂಬ ಲೆಕ್ಕವಿಲ್ಲದೆ ಏನನ್ನೂ ತೀರ್ಮಾನಿಸುವಂತಿಲ್ಲ ಎಂದು ಗಮನಿಸುವ ವಿದ್ಯಾರ್ಥಿ ಸಂಖ್ಯಾಶಾಸ್ತ್ರದ ಕೋರ್ಸ್ ಓದಿರಲಿ ಬಿಡಲಿ, ವಿಶ್ವವಿದ್ಯಾಲಯದಿಂದ ನಾವು ನಿರೀಕ್ಷಿಸುವ ಮನಸ್ಸನ್ನು ತೋರಿಸಿದಂತಾಯಿತು. ಕೊಳ್ಳಿ ಎಂದು ಬರೆದವರಿಗೂ ಬೇಡ ಎಂದು ಬರೆದವರಿಗೂ ಒಳ್ಳೆಯ ಅಂಕ ಸಿಗಬಹುದು. ಮೌಲ್ಯಮಾಪನ ನಡೆಯುವುದು ತೀರ್ಮಾನಕ್ಕೆ ಬಂದ ದಾರಿಯ ಮೇಲೆ. ಬಹು ಆಯ್ಕೆಯ ಪ್ರಶ್ನೆಗಳಿಂದಲೇ ವಿಮರ್ಶಾತ್ಮಕ ಚಿಂತನೆಯನ್ನು ಅಳೆಯುತ್ತೇವೆ ಎನ್ನುವ ಪರೀಕ್ಷೆಗಳ ನಡುವೆ ಇದೊಂದು ಗಂಭೀರವಾದ, ಗೌರವಾರ್ಹ ಪ್ರಯತ್ನ.

ಉಳಿದ 30 ನಿಮಿಷಗಳಲ್ಲಿ 25 ಬಹು ಆಯ್ಕೆಯ ಪ್ರಶ್ನೆಗಳಿವೆ. ವೈಜ್ಞಾನಿಕ ಮತ್ತು ಪರಿಮಾಣಾತ್ಮಕ ತಾರ್ಕಿಕತೆಗೆ 10, ವಿಮರ್ಶಾತ್ಮಕ ಓದಿಗೆ 10, ವಾದವೊಂದರ ಲೋಪಗಳನ್ನು ಗುರುತಿಸುವುದಕ್ಕೆ 5. ಇವೂ ದಾಖಲೆಗಳನ್ನೇ ಆಧರಿಸಿದ ಪ್ರಶ್ನೆಗಳಾದ್ದರಿಂದ ಸಾಮಾನ್ಯ ಆಯ್ಕೆ ಪ್ರಶ್ನೆಗಳಿಗಿಂತ ಮೇಲು, ಆದರೆ ಟಾಸ್ಕ್‌ನಲ್ಲಿರುವ ಜೀವ ಇವುಗಳಲ್ಲಿಲ್ಲ.

ಲಿಖಿತ ಉತ್ತರಕ್ಕೆ ವಿಶ್ಲೇಷಣೆ ಮತ್ತು ಸಮಸ್ಯಾ ಪರಿಹಾರ, ಬರವಣಿಗೆಯ ಪರಿಣಾಮಕಾರಿತ್ವ, ಭಾಷೆಯ ಶುದ್ಧಿ ಎಂಬ ಮೂರು ಅಂಶಗಳಲ್ಲಿ 1ರಿಂದ 6ರವರೆಗೆ ಅಂಕ ಕೊಡುತ್ತಾರೆ. ಪ್ರತಿ ಉತ್ತರವನ್ನೂ ತರಬೇತಿ ಪಡೆದ ಒಬ್ಬ ಮೌಲ್ಯಮಾಪಕರು ಓದುತ್ತಾರೆ. ಜೊತೆಗೆ ಕಂಪ್ಯೂಟರ್ ತಂತ್ರಾಂಶವೂ ಅಂಕ ಹಾಕುತ್ತದೆ. 2010ರಿಂದಲೇ ಇದಕ್ಕೆ ಪಿಯರ್ಸನ್ ಕಂಪನಿಯ ತಂತ್ರಾಂಶದ ಬಳಕೆ ಆರಂಭವಾಯಿತು. ಯಂತ್ರ ಹಾಕಿದ ಅಂಕವೂ ಮನುಷ್ಯ ಹಾಕಿದ ಅಂಕವೂ ಹತ್ತಿರಹತ್ತಿರ ಬರುತ್ತವೆ ಎಂಬುದು ಇಂಥ ತಂತ್ರಾಂಶಗಳ ಪರವಾಗಿ ಸಾಮಾನ್ಯವಾಗಿ ಮುಂದಿಡುವ ಸಮರ್ಥನೆ. ಸಾವಿರಾರು ಉತ್ತರಗಳ ಸರಾಸರಿಗೆ ಆ ಸಮರ್ಥನೆ ಸಾಕಾಗಬಹುದು. ಆದರೆ ಈ ಪ್ರಶ್ನೆಯ ಸೊಗಸೆಲ್ಲ ಇರುವುದು ಅನಿರೀಕ್ಷಿತವಾದ, ಆದರೂ ಸರಿಯಾದ ಯೋಚನೆಗೆ ಅದು ಕೊಡುವ ಅವಕಾಶದಲ್ಲಿ. ಈ ಹಿಂದಿನ ಉತ್ತರಗಳ ಹೋಲಿಕೆಯಿಂದ ಅಂಕ ಹಾಕುವ ವ್ಯವಸ್ಥೆ ಅಂಥ ಉತ್ತರವನ್ನು ಗುರುತಿಸುವುದು ಕಷ್ಟ. ಓದಲು ಅರ್ಹವಾದ ಉತ್ತರವನ್ನು ಬರೆಸಿದ ಮೇಲೆ ಅದನ್ನು ಇಬ್ಬರು ಮನುಷ್ಯರು ಓದಬೇಕೆಂದು ನಾನು ಬಯಸುತ್ತೇನೆ.

ಒಟ್ಟು ಅಂಕವನ್ನು ಸುಮಾರು 400ರಿಂದ 1600ರವರೆಗಿನ ಮಾಪನದಲ್ಲಿ ಕೊಟ್ಟು, ಅದರ ಆಧಾರದ ಮೇಲೆ ವಿದ್ಯಾರ್ಥಿಯನ್ನು ಪರಿಣತಿಯ ಒಂದು ಹಂತಕ್ಕೆ ಸೇರಿಸಲಾಗುತ್ತದೆ. ಇಲ್ಲಿಯೇ ಹಳೆಯ ಸಿಎಲ್‌ಎಗೂ ಹೊಸದಕ್ಕೂ ಇರುವ ದೊಡ್ಡ ವ್ಯತ್ಯಾಸ ಎದುರಾಗುತ್ತದೆ. ಹಳೆಯದು ವಿದ್ಯಾರ್ಥಿಯನ್ನು ಅಳೆಯುವ ಪರೀಕ್ಷೆಯೇ ಆಗಿರಲಿಲ್ಲ. ಬೇರೆ ಬೇರೆ ವಿದ್ಯಾರ್ಥಿಗಳಿಗೆ ಬೇರೆ ಬೇರೆ ಟಾಸ್ಕ್ ಹಂಚಿ, ಎಲ್ಲರ ಉತ್ತರಗಳನ್ನು ಕೂಡಿಸಿ ಸಂಸ್ಥೆಗೆ ಒಂದು ಅಂಕ ಕೊಡುವುದು ಅದರ ವಿಧಾನವಾಗಿತ್ತು. ಹಾಗೆ ಮಾಡಲು ಸಕಾರಣವಿತ್ತು: ಇಂಥ ಪ್ರಾಯೋಗಿಕ ಟಾಸ್ಕ್‌ಗಳಲ್ಲಿ ಒಬ್ಬರೇ ವಿದ್ಯಾರ್ಥಿಯ ಸಾಧನೆ ಒಂದು ಟಾಸ್ಕ್‌ನಿಂದ ಇನ್ನೊಂದಕ್ಕೆ ಬಹಳ ಏರುಪೇರಾಗುತ್ತದೆ ಎಂದು ಶಾವೆಲ್‌ಸನ್ ಅವರೇ 1990ರ ದಶಕದಲ್ಲಿ ಶಾಲಾ ವಿಜ್ಞಾನದ ಪರೀಕ್ಷೆಗಳ ಅಧ್ಯಯನದಲ್ಲಿ ಸಹೋದ್ಯೋಗಿಗಳೊಂದಿಗೆ ತೋರಿಸಿಕೊಟ್ಟಿದ್ದರು. ವಿಮಾನದ ಪ್ರಶ್ನೆಯಲ್ಲಿ ತಡವರಿಸಿದವರು ಅಪರಾಧ ನಿಯಂತ್ರಣದ ಪ್ರಶ್ನೆಯಲ್ಲಿ ಮಿಂಚಬಹುದು. ಹಾಗಿರುವಾಗ ಒಂದು ಟಾಸ್ಕ್ ಮತ್ತು 25 ಪ್ರಶ್ನೆಗಳಿಂದ ವಿದ್ಯಾರ್ಥಿಗೆ ವೈಯಕ್ತಿಕ ಅಂಕ ಕೊಡುವುದು, ಅದನ್ನು ಉದ್ಯೋಗದಾತರಿಗೆ ತೋರಿಸಬಹುದಾದ ಡಿಜಿಟಲ್ ಬ್ಯಾಡ್ಜ್ ಆಗಿಸುವುದು ಪರೀಕ್ಷೆಯ ಮೂಲ ವಿವೇಕದಿಂದ ಹಿಂದೆ ಸರಿದಂತೆ ನನಗೆ ಕಾಣುತ್ತದೆ. ಬಹು ಆಯ್ಕೆಯ ಪ್ರಶ್ನೆಗಳು ಸೇರಿದ್ದರಿಂದ ಅಂಕದ ಸ್ಥಿರತೆ ಸ್ವಲ್ಪ ಹೆಚ್ಚುತ್ತದೆ ಎಂಬುದು ನಿಜ. ಆದರೂ ಒಬ್ಬ ಯುವಕ ಅಥವಾ ಯುವತಿಯ ಉದ್ಯೋಗದ ಅರ್ಜಿಯ ಮೇಲೆ ಪ್ರಭಾವ ಬೀರುವಷ್ಟು ಭಾರವನ್ನು ಆ ಅಂಕ ಹೊರಲಾರದು.

ಈಗ ಸಂಸ್ಥೆಗೆ ಕೊಡುವ ಸಂಖ್ಯೆಯ ವಿಚಾರ. ಇದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು, ಏಕೆಂದರೆ ಆಡಳಿತ ಮಂಡಳಿಯ ಸಭೆಯ ಮೇಜಿಗೆ ಬರುವುದು ಪ್ರಶ್ನೆಪತ್ರಿಕೆಯಲ್ಲ, ಈ ಸಂಖ್ಯೆ. ಪ್ರವೇಶದಲ್ಲೇ ಬುದ್ಧಿವಂತರನ್ನು ಆರಿಸಿಕೊಳ್ಳುವ ವಿಶ್ವವಿದ್ಯಾಲಯದ ಸರಾಸರಿ ಅಂಕ ಸಹಜವಾಗಿಯೇ ಹೆಚ್ಚು. ಅದರಲ್ಲಿ ಬೋಧನೆಯ ಪಾಲೆಷ್ಟು ಎಂದು ತಿಳಿಯುವುದಿಲ್ಲ. ಹಾಗಾಗಿ ಪರೀಕ್ಷೆಯವರು ಮೌಲ್ಯವರ್ಧನೆಯ ಲೆಕ್ಕ ಹಾಕುತ್ತಾರೆ. ಅಂತಿಮ ವರ್ಷದ ವಿದ್ಯಾರ್ಥಿಗಳು ಪ್ರವೇಶದ ಹೊತ್ತಿಗೆ ಪಡೆದಿದ್ದ ಸ್ಯಾಟ್ ಅಥವಾ ಎಸಿಟಿ ಎಂಬ ಕಾಲೇಜು ಪ್ರವೇಶ ಪರೀಕ್ಷೆಗಳ ಅಂಕಗಳನ್ನೂ, ಮೊದಲ ವರ್ಷದವರು ಇದೇ ಪರೀಕ್ಷೆಯಲ್ಲಿ ಪಡೆದ ಸರಾಸರಿಯನ್ನೂ ಆಧಾರವಾಗಿಟ್ಟುಕೊಂಡು, ಇಂಥ ಸಂಸ್ಥೆಯ ಅಂತಿಮ ವರ್ಷದವರು ಇಷ್ಟು ಅಂಕ ತೆಗೆಯಬೇಕು ಎಂದು ಅಂದಾಜಿಸುತ್ತಾರೆ. ನಿಜವಾಗಿ ಬಂದ ಸರಾಸರಿ ಆ ಅಂದಾಜಿಗಿಂತ ಎಷ್ಟು ಮೇಲೆ ಅಥವಾ ಕೆಳಗೆ ಇದೆ ಎಂಬುದೇ ಸಂಸ್ಥೆಯ ಮೌಲ್ಯವರ್ಧನೆಯ ಅಂಕ. ಎಲ್ಲ ಸಂಸ್ಥೆಗಳಿಗೂ ಸಮಾನವಾದ ಅಳತೆಗೆ ಇಳಿಸಿದ ಆ ಅಂಕ -1 ಮತ್ತು +1ರ ನಡುವೆ ಇದ್ದರೆ ನಿರೀಕ್ಷೆಯ ಸಮೀಪ, +1ನ್ನು ದಾಟಿದರೆ ನಿರೀಕ್ಷೆಗಿಂತ ಮೇಲು, +2ನ್ನು ದಾಟಿದರೆ ಬಹಳ ಮೇಲು, ಕೆಳಮುಖವಾಗಿಯೂ ಹೀಗೆಯೇ.

ಸೂಕ್ಷ್ಮವಾಗಿ ಗಮನಿಸಿದರೆ, ಈ ಅಂಕ ವಿದ್ಯಾರ್ಥಿಗಳು ಎಷ್ಟು ಕಲಿತರು ಎಂದು ಹೇಳುವುದೇ ಇಲ್ಲ. ಇತರ ಸಂಸ್ಥೆಗಳ ಸಾಧನೆಯಿಂದ ಕಟ್ಟಿದ ಅಂದಾಜಿನ ಪಕ್ಕದಲ್ಲಿ ಈ ಸಂಸ್ಥೆ ಎಲ್ಲಿ ನಿಂತಿದೆ ಎಂಬುದನ್ನಷ್ಟೇ ಹೇಳುತ್ತದೆ. ದೇಶದ ಎಲ್ಲ ವಿಶ್ವವಿದ್ಯಾಲಯಗಳ ಬೋಧನೆಯೂ ಒಂದೇ ವರ್ಷ ದುಪ್ಪಟ್ಟು ಸುಧಾರಿಸಿದರೂ, ಎಲ್ಲವೂ ಒಟ್ಟಿಗೆ ಕೆಟ್ಟರೂ, ಸುಮಾರು ಅರ್ಧದಷ್ಟು ಸಂಸ್ಥೆಗಳು ಸೊನ್ನೆಗಿಂತ ಮೇಲೆ, ಉಳಿದರ್ಧ ಕೆಳಗೆ ಇರುತ್ತವೆ. ಲೆಕ್ಕದ ರಚನೆಯೇ ಹಾಗಿದೆ. ಹೆಚ್ಚಿನ ಸಂಸ್ಥೆಗಳಿಗೆ ನಿರೀಕ್ಷೆಯ ಸಮೀಪ ಎಂಬ ಉತ್ತರ ಬರುವುದೂ ಆ ರಚನೆಯಿಂದಲೇ. ಕುಲಪತಿಗಳು ಅದನ್ನು ಓದಿ ಸಮಾಧಾನಪಡಬೇಕೇ ಚಿಂತಿಸಬೇಕೇ ಎಂಬುದು ಆ ಸಂಖ್ಯೆಯಿಂದ ತಿಳಿಯದು. ಸಾಲದ್ದಕ್ಕೆ, ಸಂಸ್ಥೆಗಳ ಸರಾಸರಿಯ ಮಟ್ಟದಲ್ಲಿ ಸಿಎಲ್‌ಎ ಅಂಕಕ್ಕೂ ಸ್ಯಾಟ್ ಅಂಕಕ್ಕೂ ಬಹಳ ಗಾಢವಾದ ಸಹಸಂಬಂಧವಿದೆ. ಪ್ರವೇಶದ ಸಾಮರ್ಥ್ಯದಿಂದಲೇ ವಿವರಿಸಬಹುದಾದ ಭಾಗವನ್ನು ತೆಗೆದ ಮೇಲೆ ಉಳಿಯುವ ಸಣ್ಣ ಭಾಗದಲ್ಲಿ ಬೋಧನೆಯ ಪರಿಣಾಮವೂ ಇದೆ, ಅಳತೆಯ ದೋಷವೂ ಇದೆ, ಎರಡನ್ನೂ ಬಿಡಿಸಲು ದಾರಿ ಕಡಿಮೆ. ಉನ್ನತ ಶಿಕ್ಷಣದ ಮೌಲ್ಯಮಾಪನ ತಜ್ಞರಾದ ಟ್ರೂಡಿ ಬಾಂಟಾ ಮತ್ತು ಗ್ಯಾರಿ ಪೈಕ್ ಅವರು 2007ರಲ್ಲೇ ಈ ಆಕ್ಷೇಪವನ್ನು ಎತ್ತಿದ್ದರು. ಪ್ರವೇಶಕ್ಕೆ ಸ್ಯಾಟ್ ಅಂಕ ಕಡ್ಡಾಯವಲ್ಲ ಎನ್ನುವ ವಿಶ್ವವಿದ್ಯಾಲಯಗಳು ಹೆಚ್ಚಿದಂತೆಲ್ಲ ಲೆಕ್ಕದ ಈ ಬುನಾದಿಯೂ ತೆಳುವಾಗುತ್ತದೆ.

ಯಾರನ್ನು ಯಾರೊಂದಿಗೆ ಹೋಲಿಸುತ್ತಿದ್ದೇವೆ ಎಂಬುದು ಇನ್ನೊಂದು ತೊಡಕು. ಬಹುಪಾಲು ಸಂಸ್ಥೆಗಳು ಆರಿಸಿಕೊಂಡ ವಿಧಾನದಲ್ಲಿ ಒಂದೇ ಶೈಕ್ಷಣಿಕ ವರ್ಷದಲ್ಲಿ ಮೊದಲ ವರ್ಷದ ಸುಮಾರು 100 ವಿದ್ಯಾರ್ಥಿಗಳೂ ಅಂತಿಮ ವರ್ಷದ ಸುಮಾರು 100 ವಿದ್ಯಾರ್ಥಿಗಳೂ ಪರೀಕ್ಷೆ ಬರೆಯುತ್ತಾರೆ. ಅವರು ಬೇರೆ ಬೇರೆ ಜನ. ಮೊದಲ ವರ್ಷದ ಗುಂಪಿನಲ್ಲಿ ಮುಂದೆ ಓದು ಬಿಟ್ಟು ಹೋಗುವವರೂ ಇದ್ದಾರೆ, ಅಂತಿಮ ವರ್ಷದ ಗುಂಪಿನಲ್ಲಿ ಉಳಿದುಕೊಂಡವರು ಮಾತ್ರ. ಬಿಟ್ಟುಹೋದವರ ಸಂಖ್ಯೆ ದೊಡ್ಡದಾದಷ್ಟೂ ಉಳಿದವರ ಸರಾಸರಿ ಏರುತ್ತದೆ, ತರಗತಿಯಲ್ಲಿ ಏನೂ ನಡೆಯದಿದ್ದರೂ. ಪ್ರವೇಶದ ಅಂಕಗಳನ್ನು ಲೆಕ್ಕಕ್ಕೆ ಸೇರಿಸಿದರೆ ಈ ದೋಷ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ; ಪಟ್ಟು ಹಿಡಿದು ಓದು ಮುಗಿಸುವ ಗುಣವನ್ನು ಸ್ಯಾಟ್ ಅಳೆಯುವುದಿಲ್ಲ. ನಡುವೆ ಬೇರೆ ಕಾಲೇಜಿನಿಂದ ವರ್ಗವಾಗಿ ಬಂದ ವಿದ್ಯಾರ್ಥಿಗಳನ್ನು ಯಾವ ಸಂಸ್ಥೆಯ ಲೆಕ್ಕಕ್ಕೆ ಹಾಕಬೇಕು ಎಂಬ ಪ್ರಶ್ನೆಯೂ ಇದೆ. ಇದಲ್ಲದೆ ಪರೀಕ್ಷೆಗೆ ಬರುವವರು ಸಾಮಾನ್ಯವಾಗಿ ಸ್ವಯಂಪ್ರೇರಣೆಯಿಂದಲೋ ಸಣ್ಣ ಬಹುಮಾನದ ಆಸೆಯಿಂದಲೋ ಬರುತ್ತಾರೆ. ಇಡೀ ವಿಶ್ವವಿದ್ಯಾಲಯವನ್ನು ಪ್ರತಿನಿಧಿಸುವ 100 ಜನ ಅವರೇ ಎಂದು ಒಪ್ಪಿಕೊಳ್ಳಲು ಸಾಕಷ್ಟು ಉದಾರತೆ ಬೇಕು.

ಬಂದವರು ಮನಸ್ಸಿಟ್ಟು ಬರೆಯುತ್ತಾರೆಯೇ ಎಂಬುದು ಇವೆಲ್ಲಕ್ಕಿಂತ ಗಂಭೀರವಾದ ಪ್ರಶ್ನೆ. ಫಲಿತಾಂಶದಿಂದ ಪದವಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ ಎಂದು ಗೊತ್ತಿದ್ದಾಗ ಹತ್ತಾರು ಪುಟದ ದಾಖಲೆಗಳನ್ನು ಒಂದು ಗಂಟೆ ಕುಳಿತು ಓದುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಕೆಲಸ ಹುಡುಕುವ ಗಡಿಬಿಡಿಯಲ್ಲಿರುವ ಅಂತಿಮ ವರ್ಷದವರಿಗಂತೂ ಇನ್ನೂ ಕಡಿಮೆ. 2012ರಲ್ಲಿ ಇಟಿಎಸ್ ಸಂಶೋಧಕಿ ಲಿಡಿಯಾ ಲಿಯು ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ಪ್ರಯೋಗವೊಂದು ಇದನ್ನು ಚೆನ್ನಾಗಿ ತೋರಿಸಿತು. ಮೂರು ಸಂಸ್ಥೆಗಳ 757 ವಿದ್ಯಾರ್ಥಿಗಳನ್ನು ಗುಂಪುಗಳಾಗಿ ವಿಂಗಡಿಸಿ ಅವರಿಗೆ ಬೇರೆ ಬೇರೆ ಸೂಚನೆಗಳನ್ನು ಕೊಡಲಾಯಿತು: ಅಂಕಗಳು ಸಂಶೋಧಕರಿಗೆ ಮಾತ್ರ ಎಂದು ಒಂದು ಗುಂಪಿಗೆ, ಸಂಸ್ಥೆಯ ಸರಾಸರಿ ಲೆಕ್ಕಕ್ಕೆ ಹೋಗುತ್ತವೆ ಎಂದು ಇನ್ನೊಂದಕ್ಕೆ, ನಿಮ್ಮ ಅಧ್ಯಾಪಕರಿಗೂ ಮುಂದಿನ ಉದ್ಯೋಗದಾತರಿಗೂ ತಲುಪಬಹುದು ಎಂದು ಮತ್ತೊಂದಕ್ಕೆ. ತಮ್ಮ ವೈಯಕ್ತಿಕ ಭವಿಷ್ಯದ ಮಾತು ಕೇಳಿದ ಗುಂಪು ಎಲ್ಲ ಸಂಸ್ಥೆಗಳಲ್ಲೂ ಹೆಚ್ಚು ಅಂಕ ಗಳಿಸಿತು, ವ್ಯತ್ಯಾಸ 0.41 ಮಾನಕ ವಿಚಲನೆಯವರೆಗೂ (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ ಇದು) ಹೋಯಿತು. ಆ ಪ್ರಯೋಗ ನಡೆದದ್ದು ಇಟಿಎಸ್‌ನದೇ ಪರೀಕ್ಷೆಯ ಮೇಲೆ. ಆದರೆ ಹೆಚ್ಚು ಶ್ರಮ ಬೇಡುವ ಸಿಎಲ್‌ಎಗೆ ಇದು ಅನ್ವಯಿಸುವುದಿಲ್ಲ ಎನ್ನಲು ನನಗೆ ಕಾರಣ ಕಾಣುವುದಿಲ್ಲ. ಪರೀಕ್ಷೆಗೆ ಮುನ್ನ ಓದಿ ಹೇಳಿದ ಸೂಚನೆಯ ಒಂದು ವಾಕ್ಯದಿಂದ ಇಷ್ಟು ವ್ಯತ್ಯಾಸ ಬರುವುದಾದರೆ, ಕಾಲೇಜಿನ ವರ್ಷಗಳ ಕಲಿಕೆಯೆಂದು ನಾವು ಓದುತ್ತಿರುವ ವ್ಯತ್ಯಾಸದಲ್ಲಿ ಕಲಿಕೆ ಎಷ್ಟು, ಉದಾಸೀನ ಎಷ್ಟು?

ಸೂಚನೆಯಿಂದ ಬರುವ ವ್ಯತ್ಯಾಸವನ್ನು ಕಲಿಕೆಯ ವ್ಯತ್ಯಾಸದ ಪಕ್ಕದಲ್ಲಿಟ್ಟು ನೋಡುವುದು ಏಕೆ ಮುಖ್ಯ ಎನ್ನುವುದಕ್ಕೆ, ಸಿಎಲ್‌ಎ ಅಂಕಗಳನ್ನು ಆಧರಿಸಿ 2011ರಲ್ಲಿ ಸಮಾಜಶಾಸ್ತ್ರಜ್ಞರಾದ ರಿಚರ್ಡ್ ಅರಮ್ ಮತ್ತು ಜೋಸಿಪಾ ರೋಕ್ಸಾ ಪ್ರಕಟಿಸಿದ ಅಧ್ಯಯನವನ್ನು ನೆನೆಯಬೇಕು. 24 ಸಂಸ್ಥೆಗಳ 2,300ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು, ಅದೂ ಅದೇ ವಿದ್ಯಾರ್ಥಿಗಳನ್ನು, 2005ರಲ್ಲಿ ಪ್ರವೇಶದ ಹೊತ್ತಿಗೆ ಒಮ್ಮೆ ಮತ್ತು 2007ರಲ್ಲಿ ಎರಡನೆಯ ವರ್ಷದ ಕೊನೆಗೆ ಇನ್ನೊಮ್ಮೆ ಅವರು ಪರೀಕ್ಷಿಸಿದರು. ಸರಾಸರಿ ಪ್ರಗತಿ 0.18 ಮಾನಕ ವಿಚಲನೆ ಮಾತ್ರ, 45 ಶೇಕಡ ವಿದ್ಯಾರ್ಥಿಗಳಲ್ಲಿ ಗಣನೀಯ ಪ್ರಗತಿಯೇ ಇಲ್ಲ ಎಂಬ ಅವರ ವರದಿ ಅಮೆರಿಕದ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಅದರಲ್ಲಿ ನನಗೆ ಗಟ್ಟಿಯಾಗಿ ಕಾಣುವುದು ಸರಾಸರಿಯ ಸಂಖ್ಯೆ. ಓದು ಮತ್ತು ಬರವಣಿಗೆಯನ್ನು ಹೆಚ್ಚಾಗಿ ಕೇಳುವ ಕೋರ್ಸ್‌ಗಳನ್ನು ತೆಗೆದುಕೊಂಡವರು ಹೆಚ್ಚು ಪ್ರಗತಿ ಸಾಧಿಸಿದರು ಎಂಬ ಅವರ ಕಾಣ್ಕೆಗೂ ಬೆಲೆಯಿದೆ. ಆದರೆ 45 ಶೇಕಡ ಎಂಬುದಕ್ಕೆ ಅಂಥ ಬಲವಿಲ್ಲ. ಉನ್ನತ ಶಿಕ್ಷಣ ಸಂಶೋಧಕ ಅಲೆಕ್ಸಾಂಡರ್ ಆಸ್ಟಿನ್ ಆಗಲೇ ತೋರಿಸಿದಂತೆ, ಒಬ್ಬ ವಿದ್ಯಾರ್ಥಿಯ ಪ್ರಗತಿ ಸಾಂಖ್ಯಿಕವಾಗಿ ಖಚಿತವಾಗಲಿಲ್ಲ ಎಂದರೆ ಪ್ರಗತಿಯಾಗಿಲ್ಲ ಎಂದು ಅರ್ಥವಲ್ಲ. ವೈಯಕ್ತಿಕ ಅಂಕದಲ್ಲಿ ಅಳತೆಯ ದೋಷ ದೊಡ್ಡದಾಗಿದ್ದಾಗ ನಿಜವಾಗಿ ಕಲಿತವರಲ್ಲೂ ಬಹಳ ಜನ ಆ ಪಟ್ಟಿಗೆ ಸೇರಿಬಿಡುತ್ತಾರೆ. ಗುಂಪಿಗಾಗಿ ರೂಪಿಸಿದ ಪರೀಕ್ಷೆಯನ್ನು ವ್ಯಕ್ತಿಗಳನ್ನು ಎಣಿಸಲು ಬಳಸಿದರೆ ಆಗುವ ಎಡವಟ್ಟಿಗೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗಲಾರದು.

ಮಾರುಕಟ್ಟೆಯಲ್ಲಿದ್ದ ಇತರ ಪರೀಕ್ಷೆಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಇಟಿಎಸ್‌ನ ಪ್ರೊಫಿಷಿಯೆನ್ಸಿ ಪ್ರೊಫೈಲ್ ಪೂರ್ಣ ರೂಪದಲ್ಲಿ 108 ಬಹು ಆಯ್ಕೆಯ ಪ್ರಶ್ನೆಗಳು, ಸಂಕ್ಷಿಪ್ತ ರೂಪದಲ್ಲಿ 36 ಪ್ರಶ್ನೆಗಳು, 40 ನಿಮಿಷ. ಬೇಗ ಮುಗಿಯುವುದು ಅದರ ಅನುಕೂಲ. ಎಸಿಟಿಯ ಪರೀಕ್ಷೆ ಈಗ ನಿಂತುಹೋಗಿದೆ. 13 ಸಂಸ್ಥೆಗಳಲ್ಲಿ ಈ ಮೂರನ್ನೂ ಹೋಲಿಸಿ 2009ರಲ್ಲಿ ಪ್ರಕಟವಾದ ಅಧ್ಯಯನವು, ಸಂಸ್ಥೆಗಳ ಸರಾಸರಿಯ ಮಟ್ಟದಲ್ಲಿ ಮೂರೂ ಪರೀಕ್ಷೆಗಳ ಅಂಕಗಳು ಬಹುಮಟ್ಟಿಗೆ ಒಟ್ಟೊಟ್ಟಿಗೆ ಏರಿಳಿಯುತ್ತವೆ ಎಂದು ಕಂಡುಕೊಂಡಿತು. ಅಂದರೆ ಬರಿಯ ಸಂಖ್ಯೆಯೇ ಸಾಕು ಎನ್ನುವ ಸಂಸ್ಥೆಗೆ ಸಿಎಲ್‌ಎಯಂಥ ಶ್ರಮದ ಪರೀಕ್ಷೆಯ ಅಗತ್ಯವೇ ಇಲ್ಲ. ಸಿಎಲ್‌ಎಗಾಗಿ ಹೆಚ್ಚು ಸಮಯ ಮತ್ತು ಹಣ ಕೊಡುವುದು ಸಾರ್ಥಕವಾಗಬೇಕಾದರೆ ಆ ಹೆಚ್ಚುವರಿ ಏನೋ ಸಂಖ್ಯೆಯ ಹೊರಗೆ ಇರಬೇಕು.

ಸಂಖ್ಯೆಗಾಗಿ ಕೊಂಡವರ ಅನುಭವವೂ ಇದನ್ನೇ ಹೇಳುತ್ತದೆ. ಸಾರ್ವಜನಿಕ ವಿಶ್ವವಿದ್ಯಾಲಯಗಳ ಆ ಸ್ವಯಂಪ್ರೇರಿತ ವ್ಯವಸ್ಥೆಯನ್ನು 2012ರಲ್ಲಿ ಪರಿಶೀಲಿಸಿದಾಗ, ಪ್ರಮಾಣೀಕೃತ ಪರೀಕ್ಷೆಗಳ ಅಂಕಗಳ ಬಗ್ಗೆ ಸಂಸ್ಥೆಗಳೊಳಗೇ ವಿಶ್ವಾಸ ಕಡಿಮೆ ಎಂಬುದು ತಿಳಿದುಬಂತು. ಅನಂತರ ಅಮೆರಿಕದ ಕಾಲೇಜು ಮತ್ತು ವಿಶ್ವವಿದ್ಯಾಲಯಗಳ ಸಂಘ 2009ರಲ್ಲಿ ರೂಪಿಸಿದ್ದ, ಅಂಕ ಹಾಕಲು ಮಾರ್ಗಸೂಚಿಯಾದ ವ್ಯಾಲ್ಯೂ ರೂಬ್ರಿಕ್‌ಗಳ ಬಳಕೆಗೂ ಅವಕಾಶ ಕೊಡಲಾಯಿತು. ಆ ವಿಧಾನದಲ್ಲಿ ಪ್ರತ್ಯೇಕ ಪರೀಕ್ಷೆಯೇ ಇಲ್ಲ. ವಿದ್ಯಾರ್ಥಿಗಳು ತರಗತಿಗಾಗಿಯೇ ಬರೆದ ಪ್ರಬಂಧ, ವರದಿಗಳನ್ನು ಒಂದೇ ಅಳತೆಗೋಲಿನಿಂದ ಅಧ್ಯಾಪಕರು ಓದಿ ಅಂಕ ಹಾಕುತ್ತಾರೆ. ಅಂತರರಾಷ್ಟ್ರೀಯ ಮಟ್ಟದಲ್ಲಿಯೂ ಕಥೆ ಹೆಚ್ಚು ಭಿನ್ನವಲ್ಲ. ಮುಂದುವರಿದ ದೇಶಗಳ ಆರ್ಥಿಕ ಸಹಕಾರದ ಒಕ್ಕೂಟವಾದ ಒಇಸಿಡಿ ಸಂಸ್ಥೆಯು ಸಿಎಲ್‌ಎ ಟಾಸ್ಕ್‌ಗಳನ್ನೂ ಬಳಸಿಕೊಂಡು 17 ದೇಶಗಳ 248 ಸಂಸ್ಥೆಗಳಲ್ಲಿ ಸುಮಾರು 23,000 ವಿದ್ಯಾರ್ಥಿಗಳ ಮೇಲೆ ಆಹೆಲೋ ಎಂಬ ಪ್ರಾಯೋಗಿಕ ಅಧ್ಯಯನ ನಡೆಸಿತು. ಮುಖ್ಯ ಅಧ್ಯಯನದ ಯೋಜನೆಯನ್ನು 2015ರಲ್ಲಿ ಕೈಬಿಡಲಾಯಿತು. ಫಿನ್‌ಲೆಂಡ್ ಮಾತ್ರ 2019–20ರಲ್ಲಿ 18 ಸಂಸ್ಥೆಗಳ 2,400ಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಸಿಎಲ್‌ಎ ಪ್ಲಸ್‌ನ ಅನುವಾದಿತ ರೂಪವನ್ನು ಕೊಟ್ಟು, ಸಂಸ್ಥೆಗಳ ಶ್ರೇಯಾಂಕಕ್ಕಿಂತ ವಿದ್ಯಾರ್ಥಿಗಳ ಕೌಶಲ ಹೇಗಿದೆ, ಅದು ಯಾವುದರೊಂದಿಗೆ ತಳುಕು ಹಾಕಿಕೊಂಡಿದೆ ಎಂಬ ಸಂಶೋಧನೆಗೆ ಅದನ್ನು ಬಳಸಿಕೊಂಡಿತು. ಈ ಪರೀಕ್ಷೆಯ ಬಲಕ್ಕೆ ಒಪ್ಪುವ ಬಳಕೆ ಇದು.

ಪರೀಕ್ಷೆ ಏನನ್ನು ಅಳೆಯುವುದಿಲ್ಲ ಎಂಬುದನ್ನೂ ಕೊಳ್ಳುವವರು ತಿಳಿದಿರಬೇಕು. ರಸಾಯನಶಾಸ್ತ್ರದ ವಿದ್ಯಾರ್ಥಿ ರಸಾಯನಶಾಸ್ತ್ರವನ್ನು, ಇತಿಹಾಸದ ವಿದ್ಯಾರ್ಥಿ ಇತಿಹಾಸವನ್ನು ಎಷ್ಟು ಕಲಿತರು ಎಂಬುದಕ್ಕೆ ಇಲ್ಲಿ ಜಾಗವಿಲ್ಲ. ಯಾವ ವಿಷಯಕ್ಕೂ ಸೇರದ ಸಾಮಾನ್ಯ ಕೌಶಲವೊಂದಿದೆ, ಅದನ್ನು ಎಲ್ಲ ವಿಭಾಗದವರಿಂದಲೂ ಸಮಾನವಾಗಿ ನಿರೀಕ್ಷಿಸಬಹುದು ಎಂಬ ನಂಬಿಕೆಯ ಮೇಲೆ ಇಡೀ ಪರೀಕ್ಷೆ ನಿಂತಿದೆ. ನಾನು ಆ ನಂಬಿಕೆಯನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಪುರಾವೆಯನ್ನು ತೂಗುವ ಅಭ್ಯಾಸ ಎಲ್ಲ ವಿಷಯಗಳಿಗೂ ಸಮಾನವಾದರೂ, ಏನನ್ನು ಪುರಾವೆ ಎನ್ನಬೇಕು ಎಂಬುದನ್ನು ಪ್ರತಿ ವಿಷಯವೂ ತನ್ನದೇ ರೀತಿಯಲ್ಲಿ ಕಲಿಸುತ್ತದೆ. ನಾಲ್ಕು ವರ್ಷ ಹಸ್ತಪ್ರತಿಗಳನ್ನು ಓದಲು ಕಲಿತವರಿಗೂ ಪ್ರಯೋಗಾಲಯದಲ್ಲಿ ಕಳೆದವರಿಗೂ ವಿಮಾನ ಖರೀದಿಯ ಕಡತ ಒಂದೇ ರೀತಿ ಪರಿಚಿತವಾಗಿರುವುದಿಲ್ಲ.

ಅಂಕಕ್ಕೆ ಪ್ರತಿಫಲ ಕಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ಸಮಾಜವಿಜ್ಞಾನಿ ಡೊನಾಲ್ಡ್ ಕ್ಯಾಂಪ್‌ಬೆಲ್ 1970ರ ದಶಕದಲ್ಲೇ ಎಚ್ಚರಿಕೆ ಕೊಟ್ಟಿದ್ದರು: ಯಾವುದೇ ಸೂಚ್ಯಂಕದ ಮೇಲೆ ನಿರ್ಧಾರಗಳ ಭಾರ ಹೆಚ್ಚಿದಷ್ಟೂ ಆ ಸೂಚ್ಯಂಕ ಕೆಡುತ್ತದೆ, ಅದು ಅಳೆಯಬೇಕಾದ ಕೆಲಸವನ್ನೂ ಕೆಡಿಸುತ್ತದೆ. ಸಿಎಲ್‌ಎ ಬೆಂಬಲಿಗರು ಇದಕ್ಕೆ ಕೊಡುವ ಉತ್ತರ ಗಮನಾರ್ಹ. ದಾಖಲೆಗಳನ್ನು ಓದಿ ತೂಗಿ ವಾದ ಕಟ್ಟುವುದನ್ನೇ ಪರೀಕ್ಷೆ ಕೇಳುವಾಗ, ಪರೀಕ್ಷೆಗಾಗಿ ಪಾಠ ಮಾಡಿದರೆ ನಷ್ಟವೇನು ಎಂದು ಅವರು ಕೇಳುತ್ತಾರೆ. ತರಗತಿಯ ಮಟ್ಟಿಗೆ ಈ ಉತ್ತರವನ್ನು ನಾನು ಒಪ್ಪುತ್ತೇನೆ. ಆದರೆ ಅನುದಾನ ಅಥವಾ ಶ್ರೇಯಾಂಕ ಈ ಅಂಕಕ್ಕೆ ಅಂಟಿಕೊಂಡರೆ ಸಂಸ್ಥೆಗಳಿಗೆ ಪಾಠ ಮಾಡುವುದಕ್ಕಿಂತ ಸುಲಭದ ದಾರಿಗಳು ತೋಚುತ್ತವೆ: ಅಂತಿಮ ವರ್ಷದ ಚುರುಕಿನ ವಿದ್ಯಾರ್ಥಿಗಳನ್ನು ಹುಡುಕಿ ಕೂರಿಸಬಹುದು, ಮೊದಲ ವರ್ಷದವರಿಗೆ ಪರೀಕ್ಷೆಯ ಮಹತ್ವವನ್ನು ಹೇಳದೆ ಬಿಡಬಹುದು. ಮೌಲ್ಯವರ್ಧನೆಯ ಲೆಕ್ಕದಲ್ಲಿ ಎರಡಕ್ಕೂ ಲಾಭವಿದೆ.

ಹಾಗಾದರೆ ಯಾರು ಕೊಳ್ಳಬಹುದು? ಈ ಪರೀಕ್ಷೆಯನ್ನು ನಡೆಸುವ ಸಂಸ್ಥೆಯೇ ಅಧ್ಯಾಪಕರಿಗಾಗಿ ಪರ್ಫಾರ್ಮೆನ್ಸ್ ಟಾಸ್ಕ್ ಅಕಾಡೆಮಿ ಎಂಬ ಕಾರ್ಯಾಗಾರಗಳನ್ನು ನಡೆಸಿತ್ತು. ತಮ್ಮ ವಿಷಯಕ್ಕೆ ಒಪ್ಪುವಂತೆ ದಾಖಲೆಗಳನ್ನು ಜೋಡಿಸಿ ಇಂಥದೇ ಟಾಸ್ಕ್ ಬರೆಯುವುದನ್ನು ಅಲ್ಲಿ ಕಲಿಸಲಾಗುತ್ತಿತ್ತು. ನನ್ನ ದೃಷ್ಟಿಯಲ್ಲಿ ಸಿಎಲ್‌ಎ ಕೊಟ್ಟ ಅತ್ಯಂತ ಬೆಲೆಯುಳ್ಳ ವಸ್ತು ಆ ಕಾರ್ಯಾಗಾರವೇ. ಇಡೀ ವಿಭಾಗದ ಅಧ್ಯಾಪಕರು ಒಂದೆಡೆ ಕುಳಿತು, ತಮ್ಮ ಅಂತಿಮ ವರ್ಷದ ವಿದ್ಯಾರ್ಥಿಗಳು ಒಂದು ಒಳ್ಳೆಯ ಪ್ರಶ್ನೆಗೆ ಬರೆದ ಉತ್ತರಗಳನ್ನು ಓದಿ, ಎಲ್ಲರೂ ಎಡವಿದ ಜಾಗ ಯಾವುದು ಎಂದು ಚರ್ಚಿಸಿದರೆ ಮುಂದಿನ ಸೆಮಿಸ್ಟರಿನ ಪಾಠ ಬದಲಾಗುವ ಸಾಧ್ಯತೆ ಇದೆ. ನಿರೀಕ್ಷೆಯ ಸಮೀಪ ಎಂಬ ಒಂದು ಸಾಲನ್ನು ಓದಿ ಯಾವ ಪಾಠವೂ ಬದಲಾಗಲಾರದು.

ಸಿಎಲ್‌ಎ ಪ್ಲಸ್‌ಗೆ ಹಣ ತೆಗೆದಿಡುವ ವಿಶ್ವವಿದ್ಯಾಲಯಕ್ಕೆ ನನ್ನ ಸಲಹೆಗಳು ನೇರವಾದವು. ಬೇರೆ ಬೇರೆ ಗುಂಪುಗಳ ಬದಲಿಗೆ ಅದೇ ವಿದ್ಯಾರ್ಥಿಗಳನ್ನು ಪ್ರವೇಶದಲ್ಲೂ ಕೊನೆಯಲ್ಲೂ ಪರೀಕ್ಷಿಸಿರಿ; ಫಲಿತಾಂಶಕ್ಕೆ ನಾಲ್ಕು ವರ್ಷ ಕಾಯಬೇಕಾಗುತ್ತದೆ, ಕಾಯಿರಿ. ಸ್ವಯಂಪ್ರೇರಿತರನ್ನು ಹುಡುಕುವ ಬದಲು ಎಲ್ಲರೂ ಓದುವ ಒಂದು ಕೋರ್ಸಿನ ತರಗತಿಯ ಅವಧಿಯಲ್ಲೇ ಬರೆಸಿ, ಎರಡೂ ಬಾರಿ ಒಂದೇ ಸೂಚನೆಯನ್ನು ಓದಿ ಹೇಳಿರಿ. ವರದಿಯಲ್ಲಿ ಒಟ್ಟು ಸಂಖ್ಯೆಗಿಂತ ಮೊದಲು ವಿಶ್ಲೇಷಣೆ, ಬರವಣಿಗೆ ಮೊದಲಾದ ಅಂಶಗಳ ಅಂಕಗಳ ಹಂಚಿಕೆಯನ್ನು ನೋಡಿರಿ, ಪ್ರತಿ ಸರಾಸರಿಯ ಜೊತೆಗೂ ಅದರ ಮಾನಕ ದೋಷವನ್ನು, ಅಂದರೆ ಆ ಸರಾಸರಿ ಎಷ್ಟು ಆಚೀಚೆ ಇರಬಹುದೆಂಬ ಅಂದಾಜನ್ನು, ಕೇಳಿರಿ. ವಿದ್ಯಾರ್ಥಿಯ ವೈಯಕ್ತಿಕ ಅಂಕವನ್ನು ಪದವಿಗಾಗಲಿ ಉದ್ಯೋಗಕ್ಕಾಗಲಿ ಕಟ್ಟಬೇಡಿರಿ. ಇಷ್ಟಕ್ಕೆ ಹಣವೋ ತಾಳ್ಮೆಯೋ ಸಾಲದ ಸಂಸ್ಥೆ ಈ ಪರೀಕ್ಷೆಯನ್ನು ಕೊಳ್ಳದೆ, ಬಿಡುಗಡೆಯಾಗಿರುವ ಮಾದರಿ ಟಾಸ್ಕ್‌ಗಳನ್ನು ನೋಡಿಕೊಂಡು ಪ್ರತಿ ವಿಭಾಗದಲ್ಲೂ ಎರಡು ಮೂರು ಟಾಸ್ಕ್ ಬರೆಯಲು ತನ್ನ ಅಧ್ಯಾಪಕರಿಗೆ ಸಮಯವನ್ನೂ ಸಂಭಾವನೆಯನ್ನೂ ಕೊಡುವುದು ಒಳ್ಳೆಯದು. ಉತ್ತರಗಳನ್ನು ಓದಲು ಬೇಕಾದ ರೂಬ್ರಿಕ್ ಈಗಾಗಲೇ ಉಚಿತವಾಗಿ ಸಿಗುತ್ತದೆ.